ಗುಳಿಗೆಗೆ ಮೊದಲು

ಚಹಾದ ಲೋಟ ಬಸಣ್ಣನ ಮುಂದಿತ್ತು, ಕೈ ತೊಡೆಯ ಮೇಲಿತ್ತು. ನೋಡಬಾರದು ಎಂದುಕೊಳ್ಳುತ್ತಲೇ ಭೀಮಾಶಂಕರ ನೋಡುತ್ತ ನಿಂತ. ಅಣ್ಣನಿಗೆ ಚಹಾ ಬೇಕು. ಅವನ ಕಣ್ಣು ಹಬೆಯ ಹಿಂದೆ ಮೇಲೇರಿ ಮತ್ತೆ ಲೋಟಕ್ಕೆ ಬರುತ್ತಿದೆ, ತುಟಿ ಆಗಲೇ ಸ್ವಲ್ಪ ಮುಂದೆ ಬಂದಿದೆ. ಆದರೆ ಆ ಬೇಕು ಎನ್ನುವುದು ಹೆಗಲಿನ ತನಕ ಬಂದು ಅಲ್ಲೇ ಎಲ್ಲೋ ಕುಳಿತುಬಿಟ್ಟಿದೆ. ಬೈಯಪ್ಪನಹಳ್ಳಿಯ ರೈಲ್ವೆ ಗೇಟಿನ ಪಕ್ಕದ ಈ ಅಂಗಡಿಯಲ್ಲಿ ಬೆಳಿಗ್ಗೆ ಕೂಲಿಗೆ ಹೊರಡುವವರ ಗದ್ದಲ. ಎಲ್ಲರ ಕೈಗಳೂ ಏನನ್ನೋ ಮಾಡುತ್ತಿದ್ದವು. ಬೀಡಿ ಹಚ್ಚುತ್ತಿದ್ದವು, ಟವೆಲು ಕೊಡವುತ್ತಿದ್ದವು, ಬನ್ನು ಅದ್ದುತ್ತಿದ್ದವು. ಯಾರೂ ತಮ್ಮ ಕೈಗೆ ಹೀಗೆ ಮಾಡು ಎಂದು ಹೇಳಿಕೊಟ್ಟಂತೆ ಕಾಣಲಿಲ್ಲ. ಭೀಮಾಶಂಕರ ತನ್ನ ಲೋಟ ಎತ್ತಿ ಒಂದು ಗುಟುಕು ಕುಡಿದ. ಎತ್ತಿದ್ದು ತನಗೇ ತಿಳಿದಿರಲಿಲ್ಲ ಎಂಬುದು ಕುಡಿದ ಮೇಲೆ ಹೊಳೆದು ನಾಚಿಕೆಯಾಯಿತು, ಅಣ್ಣನ ಎದುರು ಬೇಕೆಂದೇ ಎತ್ತಿ ತೋರಿಸಿದ ಹಾಗೆ. ಬಸಣ್ಣನ ಕೈ ಮೇಲೆ ಬರುವ ಹೊತ್ತಿಗೆ ಅವನ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಏನ್ ಬಸಣ್ಣಾ, ಲೋಟಕ್ಕೇ ಇಷ್ಟೊತ್ತಾ?" ಎಂದ ಮೇಸ್ತ್ರಿ ಮುನಿರಾಜಪ್ಪ, ಬೆಂಚಿನ ಆಚೆ ತುದಿಯಿಂದ. "ನೀನು ಬಾಂಡ್ಲಿ ಹಿಡಿಯೋ ಹೊತ್ತಿಗೆ ಮನೆಯೋರು ಗೃಹಪ್ರವೇಶ ಮುಗ್ಸಿ ಊಟಕ್ಕೆ ಕೂತಿರ್ತಾರೆ."

ನಕ್ಕರು. ಭೀಮಾಶಂಕರನೂ ನಕ್ಕ, ನಗದಿದ್ದರೆ ಮುನಿರಾಜಪ್ಪನಿಗೆ ಬೇಸರವಾಗಬಹುದೆಂಬ ಭಯ. ಮೇಸ್ತ್ರಿ ಕೆಟ್ಟವನಲ್ಲ. ಎದ್ದು ಭೀಮಾಶಂಕರನ ಹತ್ತಿರ ಬಂದು ದನಿ ತಗ್ಗಿಸಿದ. "ನೋಡಯ್ಯಾ, ಆ ಮಾತ್ರೆ ಕಡಿಮೆ ಮಾಡ್ಸು. ಮಾತ್ರೆ ತಿಂದು ತಿಂದೇ ಕೈ ಹಿಡ್ಕೊಂಡಿರೋದು. ಕೈ ಬಿಟ್ಕೊಂಡ್ರೆ ನಾಳೇನೇ ಕರ್ಕೊಂಡ್ ಬಾ. ಅವನ ಜಾಗ ಅವನಿಗೇ." ಈ ಮಾತನ್ನು ಮುನಿರಾಜಪ್ಪನಿಗೆ ಮೊದಲು ಹೇಳಿದ್ದು ಭೀಮಾಶಂಕರನೇ. ಅವ್ವನಿಗೆ, ಬಾಡಿಗೆ ಮನೆಯವರಿಗೆ, ಊರಿಂದ ಬಂದವರಿಗೆ, ಎಲ್ಲರಿಗೂ ತಾನೇ ಹೇಳಿದ್ದ. ಈಗ ಅದು ಬೇರೆಯವರ ಬಾಯಿಂದ ತಿರುಗಿ ಬಂದಾಗ ಹೊರಗಿನ ಸಾಕ್ಷಿ ಸಿಕ್ಕಿದಂತೆ ಧೈರ್ಯವಾಗುತ್ತಿತ್ತು.

ಮುನಿರಾಜಪ್ಪನ ಗುಂಪಿನ ಕೆಲಸ ಮನೆಗಳಿಗೆ ಮೋಲ್ಡ್ ಹಾಕುವುದು, ಅಂದರೆ ಕಾಂಕ್ರೀಟಿನ ತಾರಸಿ ಎರೆಯುವುದು. ಮೋಲ್ಡಿನ ದಿನ ನೆಲದಿಂದ ತಾರಸಿಯವರೆಗೆ ಏಣಿ, ಸಾರುವೆಯ ಹಲಗೆಗಳ ಮೇಲೆ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಕಾಂಕ್ರೀಟು ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಏರುತ್ತದೆ, ಖಾಲಿ ಬಾಂಡ್ಲಿ ಇನ್ನೊಂದು ಬದಿಯಿಂದ ಇಳಿಯುತ್ತದೆ. ಸಾಲಿನಲ್ಲಿ ನಿಂತವರು ಮೇಲಿನವನ ಕೈಯನ್ನು ನೋಡುವುದಿಲ್ಲ. ನೋಡಿದರೆ ತಡವಾಗುತ್ತದೆ, ಒಬ್ಬ ತಡವಾದರೆ ಕೆಳಗಿನವರೆಲ್ಲ ಭಾರ ಹೊತ್ತು ನಿಲ್ಲಬೇಕಾಗುತ್ತದೆ. ಕೈ ಅಲ್ಲಿರುತ್ತದೆ ಎಂದು ಬಿಡುವುದು, ಅಷ್ಟೇ. ಬಸಣ್ಣನ ಜಾಗ ಏಣಿ ಮುಗಿದು ಸಾರುವೆ ಶುರುವಾಗುವ ತಿರುವು. ಕೆಳಗೆ ಬಾಗಿ ತೆಗೆದುಕೊಂಡು, ಸೊಂಟ ತಿರುಗಿಸಿ, ತಲೆಯ ಮೇಲಕ್ಕೆ ಕೊಡಬೇಕು. ಯಾದಗಿರಿ ಕಡೆಯಿಂದ ಬಂದ ಅಷ್ಟು ಜನರಲ್ಲಿ ಅವನಷ್ಟು ಚೆನ್ನಾಗಿ ಅಲ್ಲಿ ನಿಂತವರಿಲ್ಲ ಎಂದು ಈಗಲೂ ಹೇಳುತ್ತಾರೆ. ಈಗ ಅವನು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ದಿನಾ ಬೆಳಿಗ್ಗೆ ಒಂದೇ ಮಾತು ಕೇಳುತ್ತಾನೆ: "ಇವತ್ತ ಮೋಲ್ಡ್ ಐತೇನು?" ಇಲ್ಲ ಎಂದರೆ ಸುಮ್ಮನಾಗುತ್ತಾನೆ. ಆ ಸುಮ್ಮನಾಗುವುದನ್ನು ನೋಡಲಾರದೆಯೇ ಭೀಮಾಶಂಕರ ಸಂಜೆ ಕಾಲೇಜಿಗೆ ಸೇರಿದ್ದು. ಬಿ.ಕಾಂ. ಮುಗಿದು ವರ್ಷವಾದರೂ, ಇಂದಿರಾನಗರದ ಟೈಲ್ಸ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಮುಗಿದ ಮೇಲೆ, ಯಾವುದೋ ತರಗತಿ ಇನ್ನೂ ಇದೆ ಎನ್ನುವಂತೆ ಸುತ್ತಾಡಿ ತಡವಾಗಿ ಮನೆಗೆ ಹೋಗುತ್ತಾನೆ.

ಬಸ್ಸು ಬಂತು. ಅಣ್ಣನ ಒಂದು ಕಾಲು ಮೆಟ್ಟಿಲ ಮೇಲೆ, ಕೈ ಕಂಬಿಯ ಹತ್ತಿರ; ಹಿಡಿಯುವುದೊಂದೇ ಬಾಕಿ. "ಹತ್ರೀ ಬೇಗ, ಮದ್ವೆ ಮೆರವಣಿಗೇನಾ ಇದು!" ಎಂದು ಕಂಡಕ್ಟರ್ ಒದರಿದ. ಭೀಮಾಶಂಕರ ಆಗಲೇ ಒಳಗಿದ್ದ. ತಿರುಗಿ ಕೈ ಹಿಡಿದು ಎಳೆದುಕೊಳ್ಳುವ ಮೊದಲು ಒಂದು ಗಳಿಗೆ ಕಿಟಕಿಯ ಹೊರಗೆ ನೋಡಿದ, ಬಾಗಿಲಲ್ಲಿ ನಿಂತವನು ಯಾರೋ ಎಂಬಂತೆ. ಆ ಒಂದು ಗಳಿಗೆಯನ್ನು ಯಾರೂ ಕಂಡಿರಲಿಕ್ಕಿಲ್ಲ. ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಅದನ್ನೇ ಮೆಲುಕು ಹಾಕುತ್ತ ನಿಂತ. ಕಿಟಕಿಯ ಪಕ್ಕ ಕುಳಿತ ಬಸಣ್ಣ ಹೆಬ್ಬೆರಳನ್ನು ತೋರುಬೆರಳಿಗೆ, ನಡುಬೆರಳಿಗೆ, ಉಂಗುರದ ಬೆರಳಿಗೆ, ಕಿರುಬೆರಳಿಗೆ ಮುಟ್ಟಿಸುತ್ತಿದ್ದ. ಮತ್ತೆ ಕಿರುಬೆರಳಿನಿಂದ ವಾಪಸ್ಸು. ನಿಧಾನ, ಆದರೆ ತಪ್ಪಿಲ್ಲ. ಪಾಠ ಒಪ್ಪಿಸುತ್ತಿದ್ದಾನೆ.

ಅದನ್ನು ಕಲಿಸಿದ್ದು ಭೀಮಾಶಂಕರ. ಹಿಂದಿನ ಸಲ ಆಸ್ಪತ್ರೆಯಲ್ಲಿ, ಮಿದುಳಿನ ಅಧ್ಯಯನ ನಡೆಸುವ ಡಾಕ್ಟರ್ ಇಕ್ರಾ ಸುಮ್ಮನೆ ತೋರಿಸಿದ್ದರು: ಮುಂದಿನ ಶನಿವಾರ ಸ್ಕ್ಯಾನಿಂಗ್ ಮಿಷನ್ನಿನೊಳಗೆ ಮಲಗಿದಾಗ ಹೀಗೆ ಬೆರಳು ಆಡಿಸಬೇಕು, ಆಗ ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡುತ್ತೇವೆ, ಇದು ಬರೀ ಅಧ್ಯಯನ. ಕೈ ಸರಿಯಾಗಿ ಆಡಿದರೆ ಮಾತ್ರೆ ಕಡಿಮೆ ಮಾಡುವ ವಿಚಾರ ಮಾಡಬಹುದು ಎಂದೂ ಅಂದಿದ್ದರಲ್ಲ? ಅಂದಿದ್ದರೋ, ಮಾತ್ರೆಯ ವಿಚಾರ ಅದನ್ನು ಬರೆದುಕೊಡುವ ಒಪಿಡಿ ಡಾಕ್ಟರದ್ದು ಎಂದಿದ್ದರೋ. ಮನೆ ಮುಟ್ಟುವಷ್ಟರಲ್ಲಿ ಅದು ಅವನಿಗೆ ಪರೀಕ್ಷೆಯಾಗಿಬಿಟ್ಟಿತ್ತು. ಪರೀಕ್ಷೆ ಎಂದ ಮೇಲೆ ತಯಾರಿ ಮಾಡದೆ ಹೋಗುವುದು ಅವನಿಂದ ಸಾಧ್ಯವಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಬಿಡಿಸಿಯೇ ಅವನು ಪಾಸಾದವನು. ವಾರವೆಲ್ಲ ಸಂಜೆ ಅಣ್ಣನನ್ನು ಎದುರು ಕೂರಿಸಿಕೊಂಡ. "ನಿಲ್ಲಸಬ್ಯಾಡ. ಏನರ ಆಗ್ಲಿ, ಯಾರರ ಮಾತಾಡ್ಲಿ, ನಿಲ್ಲಸಬ್ಯಾಡ." ಒಮ್ಮೆ ಬೆರಳು ನಿಂತಾಗ ಮರದ ಸ್ಕೇಲಿನಿಂದ ಗಿಣ್ಣಿಗೆ ಹೊಡೆದ. ಬಸಣ್ಣ ಕೈ ಹಿಂದೆ ಎಳೆದುಕೊಳ್ಳಲಿಲ್ಲ. "ಯಾಕೋ ಶಂಕ್ರಾ, ಅವ್ನ ಕೈ ಏನ್ ಬಾಜಾಪೆಟ್ಟಿಗಿ ಆತೇನು ನಿನಗ?" ಎಂದಳು ಅವ್ವ ಯಂಕಮ್ಮ ಒಲೆಯ ಮುಂದಿನಿಂದ. "ಬಾರ್ಸಿದಂಗೆಲ್ಲ ರಾಗ ಬರಬೇಕಂದ್ರ?" ಆದರೆ ರಾಗ ಬಂದಿತ್ತು. ವಾರದ ಕೊನೆಗೆ ಬೆರಳು ನಿಲ್ಲದೆ ಆಡುತ್ತಿತ್ತು. ಅವ್ವ ತಟ್ಟೆ ಇಟ್ಟರೂ ಆಡುತ್ತಿತ್ತು.

ದೂರದಲ್ಲಿ ರೈಲೊಂದು ಸದ್ದು ಮಾಡಿತು. ಭೀಮಾಶಂಕರನಿಗೆ ನೆನಪಾದದ್ದು ಗುಳಿಗೆ ಶುರುವಾಗುವ ಮೊದಲಿನ ಬೇಸಿಗೆ. ಹಳಿಗಳ ನಡುವೆ ಬಸಣ್ಣ ಕೆ.ಆರ್.ಪುರದ ಕಡೆಗೆ ನಡೆದು ಹೋಗುತ್ತಿದ್ದ, ಬರಿಗಾಲಿನಲ್ಲಿ, ಯಾರಿಗೋ ಉತ್ತರ ಕೊಡುತ್ತ. ಹಳಿ ರಿಪೇರಿಯ ಗ್ಯಾಂಗಿನವರು ಹಿಡಿದು ತಂದಾಗ, ‘ಅವರು’ ಕರೆದರು, ಹೋಗದಿದ್ದರೆ ಅವ್ವನನ್ನು ಸುಡುತ್ತಾರಂತೆ ಎಂದಿದ್ದ. ಆ ಅವರು ಯಾರು ಎಂದು ಕೇಳಿದರೆ ಸುಮ್ಮನೆ ಸೂರು ತೋರಿಸುತ್ತಿದ್ದ. ರಾತ್ರಿಯೆಲ್ಲ ಯಂಕಮ್ಮ ತನ್ನ ಸೆರಗಿನ ತುದಿಯನ್ನು ಅವನ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದಳು. ಗುಳಿಗೆ ಬಂದ ಮೇಲೆ ಅವರು ಹೋದರು. ಸೂರಿನಲ್ಲಿ ಯಾರೂ ಉಳಿಯಲಿಲ್ಲ. "ಹಲಸೂರ್ ಕೆರೆ, ಇಳೀರಿ," ಎಂದ ಕಂಡಕ್ಟರ್.

ಸ್ಕ್ಯಾನ್ ಸೆಂಟರ್ ಕೆರೆಯ ಹಿಂದಿನ ರಸ್ತೆಯಲ್ಲಿ, ಫರ್ನಿಚರ್ ಅಂಗಡಿಯ ಪಕ್ಕ. ಮಿಷನ್ನಿನ ಅಟೆಂಡರ್ ಗಯಾಜ್ ಬಸಣ್ಣನಿಗೆ ಹಸಿರು ಗೌನು ಕೊಟ್ಟ. "ಚಾಬಿ, ಚಿಲ್ರೆ, ಬೆಲ್ಟು, ಎಲ್ಲಾ ತೆಗೀರಿ ಸಾಬ್. ಲೋಹ ಇದ್ರೆ ಮಿಷನ್ ಸುಮ್ನಿರಲ್ಲ. ಸೊಂಟಕ್ಕೆ ಏನಾದ್ರೂ ಇದೆಯಾ?" ಸೊಂಟಕ್ಕೆ ಬೆಳ್ಳಿ ತಂತಿಯ ಉಡದಾರವಿತ್ತು. ಬಸಣ್ಣ ಅದರ ಮೇಲೆ ಅಂಗೈ ಇಟ್ಟುಕೊಂಡ. ಈ ಸಲ ಕೈ ತಡಮಾಡಲಿಲ್ಲ.

"ಬ್ಯಾಡ," ಎಂದ. "ಇದನ್ನ ಸತ್ತವ್ರ ಮೈಮ್ಯಾಲಿಂದ ಹರೀತಾರ."

"ಅರೆ, ನಾನೇ ಇದ್ದೀನಲ್ಲ, ಸಾಯಕ್ಕೆ ಬಿಡ್ತೀನಾ?" ಎಂದ ಗಯಾಜ್. "ಒಳಗೆ ಹೋದ್ರೆ ಸುಲ್ತಾನನೂ ಬರೀ ಮೈನೇ."

ತಂತಿಯ ಕೊಕ್ಕೆ ವರ್ಷಗಳಿಂದ ಜಡ್ಡುಗಟ್ಟಿತ್ತು, ಬಿಚ್ಚಲಿಲ್ಲ. ಗಯಾಜ್ ಕತ್ತರಿ ತಂದುಕೊಟ್ಟು, ಇದು ಮನೆಯವರ ಕೆಲಸ ಎಂಬಂತೆ ಮುಖ ತಿರುಗಿಸಿ ನಿಂತ. ಭೀಮಾಶಂಕರ ಅಣ್ಣನ ಗೌನು ಸರಿಸಿದ. ಹೊಟ್ಟೆಯ ಚರ್ಮದ ಮೇಲೆ ಉಡದಾರದ ಗೆರೆ ಬೆಳ್ಳಗಿತ್ತು. ಅಪ್ಪ ತೀರಿಕೊಂಡಾಗ ಇದೇ ಕೆಲಸವನ್ನು ಬಸಣ್ಣ ಮಾಡಿದ್ದ, ಚಾಕುವಿನಿಂದ, ಒಂದೇ ಎಳೆತಕ್ಕೆ. ತಾನು ಬಾಗಿಲ ಹಿಂದೆ ನಿಂತಿದ್ದ. ಈಗ ಭೀಮಾಶಂಕರ ಕತ್ತರಿಸಿದ. "ಪರೀಕ್ಷಾ ಆದ ಮ್ಯಾಗ ಹೊಸದು ಕಟ್ಟತೀನಿ," ಎಂದ. ತಾನು ಪರೀಕ್ಷೆ ಎಂದಿದ್ದನ್ನು ಗಯಾಜ್ ಕೇಳಿಸಿಕೊಂಡನೇನೋ ಎಂದು ಅಳುಕಾಯಿತು.

ಡಾಕ್ಟರ್ ಇಕ್ರಾ ಫ್ರೇಜರ್ ಟೌನಿನವರು, ಭೀಮಾಶಂಕರನಿಗಿಂತ ಚಿಕ್ಕವರಿರಬೇಕು. ಗಾಜಿನ ಈಚೆ ಕಂಪ್ಯೂಟರಿನ ಮುಂದೆ ತಮ್ಮ ಪಕ್ಕ ಅವನಿಗೊಂದು ಸ್ಟೂಲು ಹಾಕಿಸಿದರು. ಗಾಜಿನಾಚೆ ಬಿಳಿ ಸುರಂಗದೊಳಗೆ ಬಸಣ್ಣನ ತಲೆ, ಎದೆ ಮರೆಯಾಗಿ ಹೊಟ್ಟೆಯಿಂದ ಕೆಳಗಿನದಷ್ಟೇ ಕಾಣುತ್ತಿತ್ತು, ಪಕ್ಕದಲ್ಲಿ ಬಲಗೈ. "ಹಸಿರು ಲೈಟ್ ಬಂದಾಗ ಬೆರಳು ಆಡಿಸ್ಬೇಕು, ಹೋದಾಗ ನಿಲ್ಲಿಸ್ಬೇಕು. ಅಷ್ಟೇ," ಎಂದು ಅವರು ಮೈಕಿನಲ್ಲಿ ಹೇಳಿದರು. ಮಿಷನ್ನು ಕಲ್ಲು ಒಡೆಯುವಂತೆ ಬಡಿಯತೊಡಗಿತು. ಹಸಿರು ಬರುವ ಮೊದಲೇ ಬಸಣ್ಣನ ಬೆರಳು ಆಡುತ್ತಿತ್ತು. ಹೆಬ್ಬೆರಳು ತೋರುಬೆರಳಿಗೆ, ನಡುಬೆರಳಿಗೆ. ಭೀಮಾಶಂಕರನ ಎದೆ ಉಬ್ಬಿತು, ತನ್ನ ವಿದ್ಯಾರ್ಥಿ ವೇದಿಕೆಯ ಮೇಲಿದ್ದಾನೆ. ಹಸಿರು ಬಂತು, ಹೋಯಿತು. ಬೆರಳು ನಿಲ್ಲಲಿಲ್ಲ. "ಬಸಣ್ಣ ಅವರೇ, ಈಗ ನಿಲ್ಲಿಸಿ," ಎಂದರು ಡಾಕ್ಟರ್. ನಿಲ್ಲಲಿಲ್ಲ. "ಕೇಳಿಸ್ತಿದೆಯಾ? ನಿಲ್ಲಿಸಿ. ರೆಸ್ಟ್." ಆಗ ಭೀಮಾಶಂಕರ ಸ್ಟೂಲಿನಿಂದ ಅರ್ಧ ಎದ್ದ. ಯಾರು ಏನೇ ಹೇಳಿದರೂ ನಿಲ್ಲಿಸಬೇಡ ಎಂದು ವಾರವೆಲ್ಲ ತಿದ್ದಿದವನು ತಾನು. ನಿಲ್ಲಿಸುವುದೂ ಪಾಠದಲ್ಲಿದೆ ಎಂದು ತನಗೆ ಹೊಳೆದಿರಲೇ ಇಲ್ಲ.

"ಮನೇಲಿ ಏನಾದ್ರೂ ಪ್ರಾಕ್ಟೀಸ್ ಮಾಡ್ಸಿದ್ರಾ?" ಎಂದು ಕೇಳಿದರು, ಪರದೆಯಿಂದ ಕಣ್ಣು ತೆಗೆಯದೆ.

"ಸ್ವಲ್ಪ... ಚಂದ ಬರ್ಲಿ ಅಂತ ಮೇಡಂ."

ಅವರು ಬೈಯಲಿಲ್ಲ. ಕಣ್ಣು ಮುಚ್ಚಿ ತೆರೆದರು. "ಚೆನ್ನಾಗಿ ಮಾಡೋದು ನಮಗೆ ಬೇಡ ಇತ್ತು ರೀ. ಆಡಿಸೋವಾಗ ಹೇಗಿದೆ, ಸುಮ್ನಿರೋವಾಗ ಹೇಗಿದೆ, ಎರಡೂ ಪಕ್ಕಪಕ್ಕ ಇಟ್ಟು ನೋಡ್ಬೇಕು. ಸುಮ್ನೆ ಇದ್ದಾಗಲೂ ಮಿದುಳಿನ ಒಂದು ಜಾಗ ಇನ್ನೊಂದರ ಜೊತೆ ಮಾತಾಡ್ತಾನೇ ಇರುತ್ತೆ. ಈಗ ನೀವೇ ಹೇಳಿ ನೋಡಿ, ನಿಮ್ಮ ಮಾತು ಕೇಳ್ತಾರೇನೋ." ಮೈಕನ್ನು ಅವನ ಕಡೆ ತಿರುಗಿಸಿದರು. ಅದರೊಳಗೆ ಬಾಗಿ ಅವನು, "ಅಣ್ಣಾ, ನಿಂದ್ರಸು," ಎಂದ. ಮೈಕಿನಲ್ಲಿ ದನಿ ಬೇರೆ ಯಾರದೋ ಆಗಿತ್ತು. ಸುರಂಗದೊಳಗೆ ತಲೆಯ ಮೇಲಿನಿಂದ ಈ ದನಿ ಹೇಗೆ ಕೇಳಿಸುತ್ತಿರಬಹುದು ಎಂದು ಹೊಳೆದು ಮೈಕಿನಿಂದ ಹಿಂದೆ ಸರಿದ. ಬೆರಳು ತಟ್ಟನೆ ನಿಂತಿತು. ಮತ್ತೆ ಹಸಿರು ಬಂತು. ಕೈ ಅಲ್ಲಾಡಲಿಲ್ಲ. ಡಾಕ್ಟರ್ ಕರೆದರು, ಅವನೂ ಕರೆದ, "ಅಣ್ಣಾ, ಈಗ ಮಾಡು, ಈಗ ಮಾಡಬೇಕು." ಹೆಬ್ಬೆರಳು ನಡುಬೆರಳಿನ ಮೇಲೆ ಎಲ್ಲಿ ನಿಂತಿತ್ತೋ ಅಲ್ಲೇ ಇತ್ತು, ಮಿಷನ್ನು ಬಡಿಯುವುದು ನಿಲ್ಲಿಸುವವರೆಗೂ.

ಆಮೇಲೆ ಹೊರಗಿನ ಕೋಣೆಯಲ್ಲಿ ಮೂವರೂ ಕುಳಿತರು. ಬಸಣ್ಣ ತನ್ನ ಅಂಗಿ ಹಾಕಿಕೊಂಡಿದ್ದ, ಗುಂಡಿ ಮೇಲೆ ಕೆಳಗಾಗಿತ್ತು. ಗಯಾಜ್ ಎಲ್ಲರಿಗೂ ನೀರು ತಂದಿಟ್ಟ. ಭೀಮಾಶಂಕರ ಕ್ಷಮೆ ಕೇಳುತ್ತಲೇ ಇದ್ದ. ಒಮ್ಮೆ ಕೇಳಿದ್ದು ಸಾಲಲಿಲ್ಲವೇನೋ ಎಂದು ಮತ್ತೆ, ಮತ್ತೆ ಕೇಳಿದ್ದು ಅತಿಯಾಯಿತೇನೋ ಎಂದು ಅದಕ್ಕೂ. "ಪರವಾಗಿಲ್ಲ, ಬಿಡಿ," ಎಂದರು ಡಾಕ್ಟರ್, ಆದರೆ ಆಯಾಸಗೊಂಡಿದ್ದರು. ಅವನು ಇದೇ ಸಮಯವೆಂದು ಕೇಳಿಬಿಟ್ಟ: ಮಾತ್ರೆ ಕಡಿಮೆ ಮಾಡಿದರೆ ಕೈ ಮೊದಲಿನಂತಾಗುವುದಿಲ್ಲವೇ? ಎಲ್ಲಾ ಗುಳಿಗೆಯಿಂದಲೇ ಅಲ್ಲವೇ?

"ಮಾತ್ರೆಯಿಂದಾನೂ ಕೈ ಬಿಗಿಯಾಗುತ್ತೆ, ನಿಜ," ಎಂದರು ಅವರು. "ಆದ್ರೆ ಒಂದೂ ಮಾತ್ರೆ ತಿನ್ನದೇ ಇರೋ ಪೇಷಂಟ್‌ಗಳಲ್ಲೂ ನಾವಿದನ್ನ ನೋಡ್ತೀವಿ. ಕಾಯಿಲೆಯ ಒಂದು ಭಾಗ ಅದು. ಮಿದುಳಲ್ಲಿ ಕೈ ಎತ್ತಬೇಕು ಅಂದ್ಕೊಳ್ಳೋ ಜಾಗ ಇರುತ್ತೆ, ಯಾವಾಗ ಅಂತ ಗೊತ್ತುಮಾಡೋ ಜಾಗ ಇರುತ್ತೆ, ಕೈ ಎತ್ತೋ ಜಾಗ ಇರುತ್ತೆ. ಒಂದರಿಂದ ಒಂದಕ್ಕೆ ಕೊಟ್ಟು ತಗೊಳ್ಳೋದು ಹದ ತಪ್ಪಿರುತ್ತೆ. ಅದನ್ನ ಸರಿ ಮಾಡೋ ಔಷಧಿ ಸದ್ಯಕ್ಕಂತೂ ನನಗೆ ಗೊತ್ತಿಲ್ಲ." ಬಸಣ್ಣನ ಕೈಯನ್ನು ನೋಡಿದರು. "ಅದಕ್ಕೇ ನಿಮ್ಮನ್ನ ಒಂದು ಮಾತು ಕೇಳ್ಬೇಕು. ಕೈ ನಿಧಾನ ಆಗಿದ್ದು ಮಾತ್ರೆ ಶುರುವಾದ ಮೇಲಾ, ಅದಕ್ಕೆ ಮೊದಲೇನಾ? ಮೇಲೆ ಅಂದ್ರೆ ಒಪಿಡಿ ಡಾಕ್ಟರ್‌ಗೆ ಹೇಳ್ತೀನಿ, ಸ್ವಲ್ಪ ಇಳಿಸಿ ನೋಡಬಹುದು. ಮೊದಲೇ ಇತ್ತು ಅಂದ್ರೆ ಇಳಿಸೋದ್ರಿಂದ ಕೈಗೆ ಉಪಯೋಗ ಇಲ್ಲ. ಆ ದನಿಗಳು ವಾಪಸ್ ಬರ್ತವೆ, ಅಷ್ಟೇ. ಚೆನ್ನಾಗಿ ನೆನಪು ಮಾಡ್ಕೊಂಡು ಹೇಳಿ."

ನೆನಪು ಮಾಡಿಕೊಳ್ಳಬೇಕಾದದ್ದೇನೂ ಇರಲಿಲ್ಲ. ಬಾಣಸವಾಡಿಯಲ್ಲಿ ಮೋಲ್ಡ್, ಭಾನುವಾರ. ಆಳು ಕಡಿಮೆ ಬಿದ್ದು ಭೀಮಾಶಂಕರನೂ ಸಾಲಿನಲ್ಲಿ ನಿಂತಿದ್ದ, ಏಣಿಯ ಕೊನೆಯ ಮೆಟ್ಟಿಲ ಮೇಲೆ, ಅಣ್ಣನ ನೇರ ಕೆಳಗೆ. ಕೈ ಅಲ್ಲಿರುತ್ತದೆ ಎಂದು ಬಿಡುತ್ತ ಬಿಡುತ್ತ ಮಧ್ಯಾಹ್ನವಾಗಿತ್ತು. ಒಂದು ಬಾಂಡ್ಲಿ ಬಿಟ್ಟಾಗ ಮೇಲೆ ಕೈ ಇರಲಿಲ್ಲ. ಅದು ಸಾರುವೆಗೆ ಬಡಿದು ಕೆಳಗಿನ ಜಲ್ಲಿ ರಾಶಿಯ ಮೇಲೆ ಬಿತ್ತು, ಕೆಳಗೆ ಬಾಂಡ್ಲಿ ತುಂಬುತ್ತಿದ್ದ ಸಾಬಮ್ಮ ಚೀರಿ ಪಕ್ಕಕ್ಕೆ ಹಾರಿದಳು. ಯಾರಿಗೂ ಏಟಾಗಲಿಲ್ಲ. ಅವನು ತಲೆ ಎತ್ತಿ ನೋಡಿದ್ದ. ಬಸಣ್ಣ ಬಾಗಿಯೇ ಇದ್ದ. ಎರಡೂ ಕೈ ತೊಡೆಯ ಹತ್ತಿರ, ಬೆರಳು ಬಿಡಿಸಿಕೊಂಡು ತಯಾರಾಗಿ, ಆದರೆ ಅಲ್ಲೇ. ಮುಖದಲ್ಲಿ ಮಾತ್ರ ಬಾಂಡ್ಲಿಯನ್ನು ಹಿಡಿದವನ ಬಿಗಿ ಇತ್ತು. ಆಮೇಲೆ, ಎಲ್ಲ ಬಿದ್ದು ಮುಗಿದ ಮೇಲೆ, ಆ ಕೈಗಳು ಮುಂದೆ ಬಂದು ಖಾಲಿ ಗಾಳಿಯಲ್ಲಿ ನಿಂತವು. ಇಡೀ ಸಾಲು ನಿಂತಿತು. ಮುನಿರಾಜಪ್ಪ ಕುಡಿದು ಬಂದಿದ್ದೀಯೇನೋ ಎಂದು ಬೈದ. ಆಗಿನ್ನೂ ಆಸ್ಪತ್ರೆಯಿಲ್ಲ, ಹಳಿಯ ಮೇಲೆ ನಡೆದದ್ದಿಲ್ಲ, ಸೂರಿನಲ್ಲಿ ಯಾರೂ ಇರಲಿಲ್ಲ. ಒಂದು ಗುಳಿಗೆಯೂ ಇರಲಿಲ್ಲ. ಇದು ಅವನಿಗೆ ಯಾವತ್ತೂ ಮರೆತಿರಲಿಲ್ಲ. ಗುಳಿಗೆ ಎನ್ನುವ ಮಾತನ್ನು ಎದುರಿಗಿಟ್ಟುಕೊಂಡು ಆ ಬಾಂಡ್ಲಿಯ ಕಡೆ ನೋಡದೆ ಇದ್ದ, ಅಷ್ಟೇ. ಗುಳಿಗೆಯಾದರೆ ಇಳಿಸಬಹುದು. ಇಳಿಸಲಾಗದ್ದನ್ನು ಇಟ್ಟುಕೊಂಡು ದಿನಾ ಸಂಜೆ ಆ ಕೋಣೆಗೆ ಹೋಗುವುದು ಹೇಗೆ?

"ಗುಳಿಗೆ ಆದ ಮೇಲೆ," ಎಂದ. "ಮೊದ್ಲು ಏನೂ ಇರ್ಲಿಲ್ಲ ಮೇಡಂ. ಮೊದ್ಲು ಇವನ ಕೈ ಅಂದ್ರೆ..."

ಹೇಳುವಾಗ ಅಣ್ಣನನ್ನು ನೋಡಲಿಲ್ಲ. ಡಾಕ್ಟರ್ ತಲೆ ಆಡಿಸಿ ಬಸಣ್ಣನ ಕಡೆ ತಿರುಗಿದರು. "ಹೌದಾ ಬಸಣ್ಣ ಅವರೇ? ಆಮೇಲೇನಾ?" ಬಸಣ್ಣ ಅವರನ್ನೇ ನೋಡಿದ. ತುಟಿ ಸ್ವಲ್ಪ ತೆರೆಯಿತು. ಅವರು ಕಾಯ್ದರು, ಬೇರೆಯವರು ಕಾಯುವುದಕ್ಕಿಂತ ಹೆಚ್ಚೇ ಕಾಯ್ದರು. ಗಯಾಜ್ ಬಾಗಿಲಲ್ಲಿ ಬಂದು ಮುಂದಿನ ಪೇಷಂಟ್ ಬಂದಿದ್ದಾರೆ ಎಂದ. "ಸರಿ, ನಾನು ಸೋಮವಾರ ಮಾತಾಡ್ತೀನಿ," ಎಂದು ಎದ್ದರು. "ಇಳಿಸಿದ ಮೇಲೆ ಇವರನ್ನ ಒಬ್ರನ್ನೇ ಬಿಡಬೇಡಿ. ನಿದ್ದೆ ಕಡಿಮೆಯಾದ್ರೆ, ಒಬ್ರೇ ಮಾತಾಡಿದ್ರೆ, ಆ ದಿನಾನೇ ಕರ್ಕೊಂಡ್ ಬನ್ನಿ. ನೀವು ಸಂಜೆ ಮನೇಲಿ ಇರ್ತೀರಲ್ಲ?"

"ಇರ್ತೀನಿ ಮೇಡಂ," ಎಂದ ಭೀಮಾಶಂಕರ.

ಹೊರಗೆ ಬಿಸಿಲು. ಬಸ್ ಸ್ಟಾಪಿನಿಂದ ಸ್ಕ್ಯಾನ್ ಸೆಂಟರಿನ ಬಾಗಿಲು ಕಾಣುತ್ತಿತ್ತು. ಕೆರೆಯ ಕಡೆಯಿಂದ ಪಾಚಿಯ ವಾಸನೆ. ಆಗಬೇಕಾದದ್ದು ಆಗಿದೆ, ಬೇಕಾಗಿದ್ದು ಸಿಕ್ಕಿದೆ. ಮುನಿರಾಜಪ್ಪನಿಗೆ ಏನೆಂದು ಹೇಳಬೇಕು, ಅವ್ವನಿಗೆ ಹೇಗೆ ಹೇಳಬೇಕು ಎಂದು ವಾಕ್ಯಗಳನ್ನು ಜೋಡಿಸತೊಡಗಿದ. ಆಗ ಪಕ್ಕದಿಂದ ಬಸಣ್ಣ ಸ್ಪಷ್ಟವಾಗಿ, ಯಾವ ಸಿಟ್ಟೂ ಇಲ್ಲದೆ ಹೇಳಿದ:

"ಗುಳಗಿಕಿಂತ ಮೊದ್ಲ ಇತ್ತಲ್ಲೋ ತಮ್ಮಾ. ಬಾಂಡ್ಲಿ ಬಿತ್ತು."

ಡಾಕ್ಟರ್ ಕೇಳಿದ್ದಕ್ಕೆ ಉತ್ತರ. ಭೀಮಾಶಂಕರ ಬಾಗಿಲಿನ ಕಡೆ ನೋಡಿದ. ಅದು ತೆರೆದೇ ಇತ್ತು. ರಸ್ತೆ ದಾಟಿದರೆ ಸಾಕು. ಅವನು ನೋಡುತ್ತಿರುವಂತೆಯೇ ಡಾಕ್ಟರ್ ಇಕ್ರಾ ಯಾವುದೋ ಫಿಲ್ಮು ತರಲು ತಮ್ಮ ಕಾರಿನ ಹತ್ತಿರ ಬಂದರು, ಇವರನ್ನು ಕಂಡು ರಸ್ತೆಯ ಆಚೆಯಿಂದ ದನಿ ಎತ್ತಿ ಕೇಳಿದರು, "ಏನ್ರೀ, ಏನಾದ್ರೂ ಮರೆತ್ರಾ?"

"ಇಲ್ಲ ಮೇಡಂ," ಎಂದು ಕೂಗಿದ. "ಬಸ್ಸಿಗೆ ಕಾಯ್ತಿದ್ದೀವಿ."

ಅವರು ಒಳಗೆ ಹೋದರು. ಒಂದು ಬಸ್ಸು ಬಂದು ತುಂಬಿ ಹೋಯಿತು. ಬಸಣ್ಣ ಹತ್ತಲು ಹೊರಡಲಿಲ್ಲ, ಭೀಮಾಶಂಕರನೂ ಎಳೆಯಲಿಲ್ಲ.

"ಗುಳಗಿ ಕಡಿಮಿ ಮಾಡಿದ್ರ," ಎಂದ ಬಸಣ್ಣ, "ಅವ್ರು ಮತ್ತ ಬರ್ತಾರಲ್ಲ?"

ಒಂದು ಪ್ರಶ್ನೆಯನ್ನು ತಾನು ಅವನಿಗೆ ಯಾವತ್ತೂ ಕೇಳಿರಲಿಲ್ಲ ಎಂದು ಭೀಮಾಶಂಕರನಿಗೆ ತಿಳಿಯಿತು. ಕೈ ಬೇಕೋ, ಅವರಿಲ್ಲದ ಸೂರು ಬೇಕೋ ಎಂದು. "ಬರೂದಿಲ್ಲ," ಎಂದ. ಸಾಲದೆನಿಸಿ, "ಬಂದ್ರ ನಾ ಅದೀನಲ್ಲ," ಎಂದೂ ಸೇರಿಸಿದ. ಬಸಣ್ಣ ಹೂಂ ಎನ್ನುತ್ತಾನೆಂದು ಕಾಯ್ದ. ತಡವಾಗಿ ಬರುತ್ತದೆ, ಯಾವಾಗಲೂ ತಡವಾಗಿಯೇ ಬರುವುದು ಎಂದು ಕಾಯ್ದ. ಇನ್ನೊಂದು ಬಸ್ಸು ಬಂತು. ಹತ್ತಿದರು, ಪಕ್ಕಪಕ್ಕ ಕುಳಿತರು, ಟಿಕೆಟು ತೆಗೆದುಕೊಂಡರು. ಬೈಯಪ್ಪನಹಳ್ಳಿ ಬಂದು ಇಳಿಯುವವರೆಗೂ ಬಸಣ್ಣ ಹೂಂ ಎನ್ನಲಿಲ್ಲ.